ಹಳೇಬೀಡನ್ನು ಜಗತ್ತಿಗೆ ತೋರಿಸಿದ ಜೇಮ್ಸ್ ಫರ್ಗುಸನ್

ನಮ್ಮ ಹಾಸನ ಜಿಲ್ಲೆಯ ಹಳೇಬೀಡು ಇಂದು ಲೋಕಪ್ರಸಿದ್ಧ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆದರೆ ಒಂದೂವರೆ ಶತಮಾನಕ್ಕೂ ಹಿಂದೆಯೇ ಈ ದೇವಾಲಯವನ್ನು ಜಗತ್ತಿನ ಶ್ರೇಷ್ಠ ಕಟ್ಟಡಗಳ ಸಾಲಿನಲ್ಲಿ ನಿಲ್ಲಿಸಿ ಬರೆದವರೊಬ್ಬರಿದ್ದರು. ಅವರೇ ವಾಸ್ತುಶಿಲ್ಪ ಇತಿಹಾಸಕಾರ ಜೇಮ್ಸ್ ಫರ್ಗುಸನ್. ಅವರ ಜೀವನದ ಸಾಧನೆಯೂ ತಪ್ಪುಗಳೂ ವಿದ್ಯಾರ್ಥಿಗಳಾದ ನಮಗೆ ಪಾಠವಾಗಿವೆ.

ಜನನ ಮತ್ತು ವ್ಯಾಪಾರ

ಫರ್ಗುಸನ್ ಅವರು 1808ರ ಜನವರಿ 22ರಂದು ಸ್ಕಾಟ್ಲೆಂಡಿನ ಏರ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಸೈನ್ಯದ ವೈದ್ಯರು. ಎಡಿನ್‌ಬರೋದಲ್ಲಿ ಶಾಲಾ ಶಿಕ್ಷಣ ಪಡೆದರು. ಯಾವ ವಾಸ್ತುಶಿಲ್ಪ ವಿದ್ಯಾಲಯದ ಪದವಿಯೂ ಅವರಿಗಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಕಲ್ಕತ್ತೆಗೆ ಬಂದು, ಅಣ್ಣ ಪಾಲುದಾರರಾಗಿದ್ದ ವ್ಯಾಪಾರ ಸಂಸ್ಥೆಯನ್ನು ಸೇರಿದರು. ನಂತರ ನೀಲಿ ಬೆಳೆಯ ಉದ್ಯಮಕ್ಕಿಳಿದು ಸುಮಾರು ಹತ್ತು ವರ್ಷಗಳಲ್ಲಿ ಸಾಕಷ್ಟು ಹಣ ಗಳಿಸಿದರು. ಬಂಗಾಳದ ರೈತರು ನೀಲಿ ಬೆಳೆಯಿಂದ ಪಟ್ಟ ಕಷ್ಟ 1859ರಲ್ಲಿ ದಂಗೆಯಾಗಿ ಸಿಡಿಯಿತು ಎಂಬುದನ್ನು ಇಲ್ಲಿ ಮರೆಯಬಾರದು. ಅವರ ಅಧ್ಯಯನಕ್ಕೆ ಬಂಡವಾಳವಾದದ್ದು ಅಂಥ ಬೆಳೆಯ ಹಣ.

ಪ್ರವಾಸ ಮತ್ತು ಗ್ರಂಥಗಳು

ಹಣ ಕೈಗೆ ಬಂದ ಮೇಲೆ ಅವರು ವ್ಯಾಪಾರದಲ್ಲೇ ಮುಳುಗಲಿಲ್ಲ. 1835ರಿಂದ ಮುಂದಿನ ಕೆಲವು ವರ್ಷ ಭಾರತದಲ್ಲಿ ದೂರದೂರ ಸಂಚರಿಸಿ ಗುಹೆ, ದೇವಾಲಯ, ಮಸೀದಿಗಳನ್ನು ಅಳೆದು ಚಿತ್ರ ಬರೆದುಕೊಂಡರು. ಎದುರಿನ ದೃಶ್ಯದ ಬಿಂಬವನ್ನು ಕಾಗದದ ಮೇಲೆ ಕಾಣಿಸುವ ಕ್ಯಾಮೆರಾ ಲೂಸಿಡಾ ಎಂಬ ಉಪಕರಣ ಅವರ ಸಂಗಾತಿಯಾಗಿತ್ತು. ಕಟ್ಟಡದ ರಚನೆಯನ್ನು ಗಮನವಿಟ್ಟು ನೋಡಿದರೆ ಅದರ ಕಾಲವನ್ನು ಕಟ್ಟಡವೇ ಹೇಳುತ್ತದೆ ಎಂಬುದು ಅವರ ನಂಬಿಕೆ.

1843ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯಲ್ಲಿ ಗುಹಾದೇವಾಲಯಗಳ ಬಗ್ಗೆ ಪ್ರಬಂಧ ಮಂಡಿಸಿದರು. ಇದರಿಂದ ಎಚ್ಚೆತ್ತ ಸೊಸೈಟಿಯು ಈಸ್ಟ್ ಇಂಡಿಯಾ ಕಂಪನಿಗೆ ಮನವಿ ಸಲ್ಲಿಸಿತು. ಪರಿಣಾಮವಾಗಿ ಗುಹೆಗಳ ರಕ್ಷಣೆಗೆ ಆದೇಶ ಹೊರಟಿತು. ಅಜಂತಾದ ವರ್ಣಚಿತ್ರಗಳನ್ನು ನಕಲು ಮಾಡಲು ರಾಬರ್ಟ್ ಗಿಲ್ ಎಂಬ ಸೇನಾಧಿಕಾರಿ ನೇಮಕಗೊಂಡರು.

ಫರ್ಗುಸನ್ ಬಳಿಕ ಇಡೀ ಜಗತ್ತಿನ ವಾಸ್ತುಶಿಲ್ಪದ ಇತಿಹಾಸವನ್ನು ಸಂಪುಟಗಳಲ್ಲಿ ಬರೆದರು. ಭಾರತ ಮತ್ತು ಪೂರ್ವ ದೇಶಗಳ ವಾಸ್ತುಶಿಲ್ಪದ ಸಂಪುಟ 1876ರಲ್ಲಿ ಪ್ರಕಟವಾಯಿತು. 1871ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆಯು ಪದವಿಯಿಲ್ಲದ ಈ ವ್ಯಾಪಾರಿಗೆ ಚಿನ್ನದ ಪದಕ ನೀಡಿ ಗೌರವಿಸಿತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1882ರಲ್ಲಿ ತೆರೆದ ಮೇರಿಯಾನ್ ನಾರ್ತ್ ಚಿತ್ರಶಾಲೆ ಅವರೇ ವಿನ್ಯಾಸ ಮಾಡಿದ ಕಟ್ಟಡ.

ಹಳೇಬೀಡು ಮತ್ತು ಬಿಜಾಪುರ

ಕನ್ನಡ ನಾಡಿಗೆ ಸಂಬಂಧಿಸಿದ ಅವರ ಎರಡು ಗ್ರಂಥಗಳು 1866ರಲ್ಲಿ ಬಂದವು: ಒಂದು ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಮೇಲೆ, ಇನ್ನೊಂದು ಬಿಜಾಪುರದ ಮೇಲೆ. ಎರಡಕ್ಕೂ ಇತಿಹಾಸದ ಭಾಗ ಬರೆದವರು ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್. ನೀಲ್, ಪಿಗೋ, ಬಿಗ್ಸ್ ಮೊದಲಾದವರು ತೆಗೆದ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಫರ್ಗುಸನ್ ಈ ಕಟ್ಟಡಗಳನ್ನು ವಿವರಿಸಿದರು.

ಹೊಯ್ಸಳೇಶ್ವರ ದೇವಾಲಯವನ್ನು ಅವರು ಗ್ರೀಸಿನ ಪಾರ್ಥೆನಾನ್ ಜೊತೆ ಹೋಲಿಸಿದರು. ಒಂದು ಗಣಿತದ ಕಟ್ಟುನಿಟ್ಟಿನ ಫಲ, ಇನ್ನೊಂದು ಭಕ್ತಿ ಮತ್ತು ಕಲ್ಪನೆಯ ಉಲ್ಲಾಸದ ಫಲ. ವಾಸ್ತುಕಲೆಯ ಎರಡು ತುದಿಗಳೆಂದರೆ ಇವೇ ಎಂಬುದು ಅವರ ಅಭಿಪ್ರಾಯ. ಕೆಳಗಿನ ಪಟ್ಟಿಕೆಯ ಆನೆಗಳೇ ಎರಡು ಸಾವಿರಕ್ಕೆ ಕಡಿಮೆಯಿಲ್ಲವೆಂದು ಲೆಕ್ಕ ಕೊಟ್ಟರು. ಬಿಜಾಪುರದ ಗೋಲ್ ಗುಂಬಜ್‌ನ ಒಳಗಿನ ನೆಲ ರೋಮಿನ ಪ್ಯಾಂಥಿಯನ್ ಕಟ್ಟಡಕ್ಕಿಂತ ವಿಶಾಲವೆಂದು ತೋರಿಸಿ, ಒಂದನ್ನೊಂದು ಹಾಯುವ ಕಮಾನುಗಳು ಅಷ್ಟು ದೊಡ್ಡ ಗುಮ್ಮಟವನ್ನು ಹೊರುವ ಜಾಣ್ಮೆಯನ್ನು ಮೆಚ್ಚಿ ಬರೆದರು. ದೇವಾಲಯಕ್ಕೂ ಗುಂಬಜ್‌ಗೂ ಅವರು ಹಿಡಿದದ್ದು ಒಂದೇ ಅಳತೆಗೋಲು.

ಎಡವಿದ್ದು ಎಲ್ಲಿ?

ಕಲ್ಲನ್ನು ಓದಬಲ್ಲವರಾಗಿದ್ದರೂ ಅವರು ಕಲ್ಲಿನ ಮೇಲಿನ ಅಕ್ಷರಕ್ಕೆ ತಕ್ಕ ಬೆಲೆ ಕೊಡಲಿಲ್ಲ. ಜೆರುಸಲೇಮಿನ ಕುಬ್ಬತುಸ್ಸಖ್ರಾ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಟ್ಟಿಸಿದ ಚರ್ಚ್ ಎಂದು 1847ರಲ್ಲಿ ವಾದಿಸಿದರು. ಆದರೆ ಆ ಕಟ್ಟಡದೊಳಗಿನ ಅರಬಿ ಬರಹದಲ್ಲಿ ಹಿಜರಿ 72 ಎಂಬ ವರ್ಷವೇ ಇದೆ. ಅದು ಖಲೀಫ ಅಬ್ದುಲ್ ಮಲಿಕ್ ಅವರ ಕಾಲ. ಹೊಯ್ಸಳ ಶೈಲಿಯನ್ನು ಫರ್ಗುಸನ್ ಚಾಲುಕ್ಯ ಶೈಲಿ ಎಂದೇ ಕರೆದರು.

ಅದಕ್ಕಿಂತ ದೊಡ್ಡ ತಪ್ಪು ಜನಾಂಗದ ಹಮ್ಮು. ಕಲ್ಲಿನಲ್ಲಿ ಕಟ್ಟುವುದನ್ನು ಭಾರತೀಯರು ಗ್ರೀಕರಿಂದ ಕಲಿತರೆಂಬ ವಾದವನ್ನು ಬಂಗಾಳದ ವಿದ್ವಾಂಸ ರಾಜೇಂದ್ರಲಾಲ್ ಮಿತ್ರ ಅಲ್ಲಗಳೆದರು. ಫರ್ಗುಸನ್ 1884ರಲ್ಲಿ ಅವರ ವಿರುದ್ಧ ಪುಸ್ತಕವನ್ನೇ ಬರೆದು, ಯುರೋಪಿಯನ್ನರನ್ನು ವಿಚಾರಣೆ ಮಾಡುವ ಅರ್ಹತೆ ಭಾರತೀಯ ನ್ಯಾಯಾಧೀಶರಿಗಿಲ್ಲ ಎನ್ನುವವರೆಗೆ ಹೋದರು. ಭಾರತೀಯರ ಕಟ್ಟಡಕ್ಕೆ ಕೊಟ್ಟ ಗೌರವವನ್ನು ಭಾರತೀಯ ವಿದ್ವಾಂಸನಿಗೆ ಅವರು ಕೊಡಲಿಲ್ಲ. 1886ರ ಜನವರಿ 9ರಂದು ಲಂಡನ್ನಿನಲ್ಲಿ ನಿಧನರಾದರು.

ನಮಗೆ ಪಾಠ

ಅವರು ಬಿಟ್ಟದ್ದನ್ನು ಶಾಸನಗಳನ್ನು ಓದಿದವರು ತುಂಬಿದರು. ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ 1902ರಲ್ಲಿ ಪ್ರಕಟಿಸಿದರು. ಆರ್. ನರಸಿಂಹಾಚಾರ್ ಹೊಯ್ಸಳ ದೇವಾಲಯಗಳ ಮೇಲೆ ಪುಸ್ತಕಗಳನ್ನೇ ಬರೆದರು. ಹಳೇಬೀಡಿನ ಕೆಲಸ 1121ರಲ್ಲಿ ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನಿಂದ ಆರಂಭವಾಯಿತೆಂಬುದೂ, ಬೇಲೂರಿನ ದಾಸೋಜ, ಚಾವಣ, ಹಳೇಬೀಡಿನ ಮಣಿಬಲಕಿ, ಮಾಬಲ ಮುಂತಾದ ಶಿಲ್ಪಿಗಳ ಹೆಸರುಗಳೂ ತಿಳಿದದ್ದು ಕನ್ನಡ ಅಕ್ಷರಗಳಿಂದಲೇ.

ವಿದ್ಯಾರ್ಥಿ ಮಿತ್ರರೇ, ಪದವಿಯಿಲ್ಲದ ಒಬ್ಬ ವ್ಯಾಪಾರಿ ಕಣ್ಣು ಮತ್ತು ಅಳತೆಪಟ್ಟಿಯ ಬಲದಿಂದ ಇಷ್ಟು ಸಾಧಿಸಿದರು. ಅವರಿಗೆ ಒದಗದ ಒಂದು ಸೌಲಭ್ಯ ನಿಮಗಿದೆ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಕಲಿಯುವ ನಿಮಗೆ ಎರಡು ಲಿಪಿಗಳು ಬರುತ್ತವೆ. ನಿಮ್ಮ ಊರಿನ ಹಳೆಯ ಮಸೀದಿ, ದರ್ಗಾ, ಬಸದಿ, ದೇವಾಲಯಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿರಿ. ಅಳೆಯಿರಿ, ಚಿತ್ರ ಬರೆಯಿರಿ, ಗೋಡೆಯ ಬರಹವನ್ನು ಓದಿ ಬರೆದುಕೊಳ್ಳಿರಿ. ಮುಂದಿನ ಇತಿಹಾಸ ಗ್ರಂಥವನ್ನು ನಿಮ್ಮಲ್ಲೇ ಒಬ್ಬರು ಬರೆಯುವಂತಾಗಲಿ.