ಸ್ಯಾಮ್ಯುಯೆಲ್ ಇನ್ಸಲ್: ಎಲ್ಲರೂ ಒಟ್ಟಿಗೆ ಕೇಳಿದರೆ?

ಡಿಮ್ಯಾಂಡ್ ಫ್ಯಾಕ್ಟರ್, ಲೋಡ್ ಫ್ಯಾಕ್ಟರ್, ಡೈವರ್ಸಿಟಿ ಫ್ಯಾಕ್ಟರ್. ಪವರ್ ಸಿಸ್ಟಮ್ಸ್ ಓದಿದವರಿಗೆ ಈ ಮೂರೂ ಬಾಯಿಪಾಠ. ಈ ಲೆಕ್ಕಗಳ ಮೇಲೆಯೇ ಒಂದು ದೊಡ್ಡ ಊರಿಗೆ ಅಗ್ಗದ ಕರೆಂಟ್ ಕೊಟ್ಟವರ ಹೆಸರು ಮಾತ್ರ ನಮ್ಮ ನೋಟ್ಸ್‌ನಲ್ಲಿ ಇರಲ್ಲ. ಅವರೇ ಸ್ಯಾಮ್ಯುಯೆಲ್ ಇನ್ಸಲ್.

ಹುಟ್ಟಿದ್ದು 1859ರಲ್ಲಿ, ಲಂಡನ್ನಿನಲ್ಲಿ. ಎಂಜಿನಿಯರಿಂಗ್ ಓದಿದವರಲ್ಲ, ಶಾರ್ಟ್‌ಹ್ಯಾಂಡ್ ಬಲ್ಲ ಗುಮಾಸ್ತ. 1881ರಲ್ಲಿ ಅಮೆರಿಕಕ್ಕೆ ಹೋಗಿ ಎಡಿಸನ್ನರ ಖಾಸಗಿ ಕಾರ್ಯದರ್ಶಿಯಾದರು. 1892ರಲ್ಲಿ, ಮೊದಲಿಗಿಂತ ಕಡಿಮೆ ಸಂಬಳಕ್ಕೆ, ಷಿಕಾಗೊ ಎಡಿಸನ್ ಎಂಬ ಸಣ್ಣ ಕಂಪನಿಯ ಅಧ್ಯಕ್ಷರಾದರು.

ಆಗ ಕರೆಂಟ್ ಅಂದ್ರೆ ಮುಖ್ಯವಾಗಿ ಸಂಜೆಯ ದೀಪ. ಆ ಕೆಲವು ಗಂಟೆಗಳಿಗಾಗಿ ಕೊಂಡ ಜನರೇಟರ್ ಉಳಿದ ಹೊತ್ತೆಲ್ಲ ಸುಮ್ಮನೆ ಕೂತಿರುತ್ತಿತ್ತು, ಸಾಲದ ಬಡ್ಡಿ ಮಾತ್ರ ಓಡುತ್ತಿತ್ತು. 1894ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಆರ್ಥರ್ ರೈಟ್ ಮಾಡಿದ್ದ ಡಿಮ್ಯಾಂಡ್ ಮೀಟರ್ ನೋಡಿದರು. ಎಷ್ಟು ಯೂನಿಟ್ ಅನ್ನೋದರ ಜೊತೆಗೆ, ಗ್ರಾಹಕನ ಗರಿಷ್ಠ ಬೇಡಿಕೆ ಎಷ್ಟು ಅನ್ನೋದೂ ಮುಖ್ಯ ಎಂದು ಇನ್ಸಲ್‌ಗೆ ಹೊಳೆಯಿತು.

ಅಲ್ಲಿಂದ ಅವರು ಬೇರೆಬೇರೆ ಹೊತ್ತಿಗೆ ಕರೆಂಟ್ ಬೇಕಾದವರನ್ನು ಹುಡುಕಿದರು: ಹಗಲಿಗೆ ಕಾರ್ಖಾನೆ, ಬೆಳಿಗ್ಗೆ-ಸಂಜೆಗೆ ಟ್ರಾಮ್, ರಾತ್ರಿಗೆ ಮನೆ. ಒಬ್ಬೊಬ್ಬರ ಗರಿಷ್ಠ ಬೇಡಿಕೆಯನ್ನು ಕೂಡಿದರೆ ಬರುವ ಮೊತ್ತಕ್ಕಿಂತ ಎಲ್ಲರೂ ಸೇರಿದ ಗರಿಷ್ಠ ಬೇಡಿಕೆ ಕಡಿಮೆ. ಇವೆರಡರ ಅನುಪಾತವೇ ಡೈವರ್ಸಿಟಿ ಫ್ಯಾಕ್ಟರ್. ಅದೇ ಯಂತ್ರ, ಹೆಚ್ಚು ಗ್ರಾಹಕರು. ದರ ಇಳಿಯಿತು, ಬಳಕೆ ಏರಿತು. 1903ರಲ್ಲಿ ಅವರ ಫಿಸ್ಕ್ ಸ್ಟ್ರೀಟ್ ಸ್ಟೇಷನ್‌ನಲ್ಲಿ 5,000 ಕಿಲೋವಾಟ್‌ನ ಸ್ಟೀಮ್ ಟರ್ಬೈನ್ ತಿರುಗಿತು. ಆ ಕಾಲಕ್ಕೆ ಅದು ದೈತ್ಯ.

ಆದರೆ ಈ ಲೆಕ್ಕಕ್ಕೆ ಒಂದು ಷರತ್ತಿದೆ: ಬೇಡಿಕೆಗಳು ಒಂದೇ ಕಾರಣಕ್ಕೆ ಒಟ್ಟಿಗೆ ಏಳಬಾರದು. ನಮ್ಮ ಕಾಲದ ಎಸಿಗಳನ್ನೇ ತಗೊಳ್ಳಿ. ಒಂದು ಫೇಸ್‌ಗೆ ಮೂರು ಎಸಿ, ತಲಾ 8 ಆಂಪಿಯರ್, ಒಂದೊಂದಕ್ಕೂ 20ರ ಬ್ರೇಕರ್ ಎಂದಿಟ್ಟುಕೊಳ್ಳಿ. ಫೀಡರ್‌ಗೆ 60 ಹಾಕೋದು ತಪ್ಪು. ಕೂಡಬೇಕಾದ್ದು ಬ್ರೇಕರ್‌ಗಳನ್ನಲ್ಲ, ಓಡುವ ಕರೆಂಟನ್ನು. ಅಂದರೆ 24. ಗಂಟೆಗಟ್ಟಲೆ ಓಡುವುದರಿಂದ 1.25ರಿಂದ ಗುಣಿಸಿದರೆ 30, ಸಿಗುವ ಸೈಜ್ 32. ಕೇಬಲ್‌ಗೂ ಕನಿಷ್ಠ ಅಷ್ಟು ತಾಕತ್ತಿರಬೇಕು. ಡೈವರ್ಸಿಟಿ ಇದೆ ಅಂತ 16 ಹಾಕಿದರೂ ತಪ್ಪೇ. ಏಪ್ರಿಲ್ ಮಧ್ಯಾಹ್ನ ಮೂರೂ ಎಸಿ ಒಟ್ಟಿಗೇ ಓಡ್ತವೆ. ಹೋದ ಕರೆಂಟ್ ವಾಪಸ್ ಬಂದಾಗ ಕಂಪ್ರೆಸರ್‌ಗಳು ಒಟ್ಟಿಗೇ ಎದ್ದರೆ, ಕ್ಷಣಕಾಲ ಇದರ ಹಲವು ಪಟ್ಟು ಎಳೀತವೆ. ಬ್ರೇಕರ್‌ನ ಟ್ರಿಪ್ ಕರ್ವ್ ಅದನ್ನೂ ತಡೀಬೇಕು.

ಇನ್ಸಲ್ ಬಿದ್ದಿದ್ದೂ ಇಂಥ ಕಡೆಯೇ, ವೈರಿಂಗ್‌ನಲ್ಲಲ್ಲ, ಹಣದಲ್ಲಿ. ಕಂಪನಿಯ ಮೇಲೆ ಕಂಪನಿ ಕಟ್ಟಿ, ಸಾಲದ ಮೇಲೆ ಸಾಮ್ರಾಜ್ಯ ನಿಲ್ಲಿಸಿದ್ದರು. 1929ರ ಕುಸಿತದ ನಂತರ ಷೇರುಗಳ ಬೆಲೆ ಒಟ್ಟಿಗೆ ಬಿತ್ತು, ಅಡವಿಟ್ಟ ಷೇರಿಗೆ ಬೆಲೆ ಉಳಿಯಲಿಲ್ಲ. 1932ರಲ್ಲಿ ಎಲ್ಲ ಮುಳುಗಿತು. ನಂಬಿ ಹಣ ಹಾಕಿದ್ದ ಸಾವಿರಾರು ಸಾಮಾನ್ಯರ ಉಳಿತಾಯವೂ ಹೋಯಿತು. ಇನ್ಸಲ್ ಗ್ರೀಸ್‌ಗೆ ಹೋದರು, ಅಮೆರಿಕಕ್ಕೆ ಮರಳಿ ತರಲಾಯಿತು. 1934ರ ವಿಚಾರಣೆಯಲ್ಲಿ ಜ್ಯೂರಿ ನಿರ್ದೋಷಿ ಎಂದಿತು. 1935ರಲ್ಲಿ ಅಂಥ ಹೋಲ್ಡಿಂಗ್ ಕಂಪನಿಗಳಿಗೆ ಕಡಿವಾಣ ಹಾಕುವ ಕಾನೂನು ಬಂತು.

1938ರ ಜುಲೈನಲ್ಲಿ ಪ್ಯಾರಿಸ್ಸಿನ ಮೆಟ್ರೊ ಸ್ಟೇಷನ್ ಒಂದರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ಡೈವರ್ಸಿಟಿ ಫ್ಯಾಕ್ಟರ್ ಇವತ್ತಿಗೂ ನಮ್ಮ ಸಿಲಬಸ್‌ನಲ್ಲಿದೆ. ಅದನ್ನು ಬಳಸೋ ಮುಂಚೆ, ಈ ಲೋಡ್‌ಗಳು ಯಾವತ್ತಾದರೂ ಒಟ್ಟಿಗೆ ಏಳ್ತವಾ ಅಂತ ಒಮ್ಮೆ ಕೇಳಿಕೊಳ್ಳೋಣ.