ಮರಳುಗಾಡಿನ ಮೋಟಾರು ಯಾತ್ರಿಕ ರಾಲ್ಫ್ ಬ್ಯಾಗ್ನಾಲ್ಡ್

ನಮ್ಮ ಕಾಸರಗೋಡಿನ ಸೀಮೆಯಲ್ಲಿ ಗಲ್ಫು ದೇಶಗಳಿಗೆ ದುಡಿಯಲು ಹೋದವರಿಲ್ಲದ ಊರು ಸಿಗುವುದು ಕಷ್ಟ. ಅಲ್ಲಿ ವಾರದ ರಜೆ ಬಂತೆಂದರೆ ಹತ್ತಾರು ಮಂದಿ ಕೂಡಿಕೊಂಡು ಮರಳುದಿಬ್ಬಗಳ ಮೇಲೆ ಗಾಡಿ ಓಡಿಸಿ, ರಾತ್ರಿ ಡೇರೆ ಹಾಕಿ ಮಲಗಿ, ಮರುದಿನ ಮರಳುವ ಸಂಗತಿಯನ್ನು ನಿಮ್ಮ ತಂದೆಯೋ ಮಾವನೋ ಹೇಳಿರಬಹುದು. ಮರಳಿಗೆ ಇಳಿಯುವ ಮೊದಲು ಅವರು ಚಕ್ರದ ಗಾಳಿಯನ್ನು ಒಂದಿಷ್ಟು ಬಿಡುತ್ತಾರೆ. ಗಾಳಿ ಕಡಿಮೆಯಾದ ಚಕ್ರ ಅಗಲವಾಗಿ ಊರಿಕೊಳ್ಳುತ್ತದೆ, ಹೂತುಹೋಗುವುದಿಲ್ಲ. ಕಡಲ ಕರೆಯ ಹೊಯಿಗೆಯಲ್ಲಿ ಸೈಕಲು ತುಳಿಯಲು ಹೋಗಿ ಇಳಿದು ತಳ್ಳಿದವರಿಗೆ ಇದರ ಬೆಲೆ ಗೊತ್ತು. ಈ ಬಗೆಯ ಉಪಾಯಗಳನ್ನು ಒಂದು ವಿದ್ಯೆಯಾಗಿ ಬೆಳೆಸಿದವರಲ್ಲಿ ಮುಖ್ಯರಾದವರು ರಾಲ್ಫ್ ಆಲ್ಜರ್ ಬ್ಯಾಗ್ನಾಲ್ಡ್. ಅವರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ಬ್ಯಾಗ್ನಾಲ್ಡರು ಹುಟ್ಟಿದ್ದು 1896ರ ಏಪ್ರಿಲ್ 3ರಂದು, ಇಂಗ್ಲೆಂಡಿನ ಡೆವನ್‌ಪೋರ್ಟಿನಲ್ಲಿ. ತಂದೆ ಸೈನ್ಯದಲ್ಲಿ ಎಂಜಿನಿಯರ್ ಅಧಿಕಾರಿ. ಖಾರ್ಟೂಮಿನಲ್ಲಿ ಸಿಕ್ಕಿಬಿದ್ದಿದ್ದ ಜನರಲ್ ಗಾರ್ಡನನನ್ನು ಬಿಡಿಸಲೆಂದು 1884–85ರಲ್ಲಿ ನೈಲ್ ನದಿಯ ಗುಂಟ ಹೊರಟ ದಂಡಿನಲ್ಲಿ ಅವರೂ ಇದ್ದರು. ಅಕ್ಕ ಎನಿಡ್ ಮುಂದೆ ಹೆಸರಾಂತ ಲೇಖಕಿಯಾದರು. ಬ್ಯಾಗ್ನಾಲ್ಡರು ತಂದೆಯ ದಾರಿಯನ್ನೇ ಹಿಡಿದು 1915ರಲ್ಲಿ ಸೈನ್ಯ ಸೇರಿ, ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ಕಾದಾಡಿದರು. ಯುದ್ಧ ಮುಗಿದ ಬಳಿಕ ಕೇಂಬ್ರಿಜ್ಜಿನಲ್ಲಿ ಎಂಜಿನಿಯರಿಂಗ್ ಓದಿ, ಮತ್ತೆ ಸೈನ್ಯದ ಸಂದೇಶ ವಿಭಾಗಕ್ಕೆ ಬಂದರು. 1926ರಲ್ಲಿ ಅವರಿಗೆ ಈಜಿಪ್ಟಿಗೆ ವರ್ಗವಾಯಿತು.

ಕೈರೋದಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳಿಗೆ ಬಿಡುವಿನ ವೇಳೆ ಕಳೆಯಲು ಪೋಲೋ ಆಟವಿತ್ತು, ಕ್ಲಬ್ಬುಗಳಿದ್ದುವು. ಬ್ಯಾಗ್ನಾಲ್ಡರಿಗೂ ಅವರ ಕೆಲವು ಗೆಳೆಯರಿಗೂ ಅದು ಹಿಡಿಸಲಿಲ್ಲ. ರಜೆ ಸಿಕ್ಕಾಗಲೆಲ್ಲ ಫೋರ್ಡ್ ಮೋಟಾರುಗಳಲ್ಲಿ ನೀರು, ಪೆಟ್ರೋಲು, ತಿಂಡಿ ಕಟ್ಟಿಕೊಂಡು ರಸ್ತೆಯಿಲ್ಲದ ಕಡೆ ಹೊರಟುಬಿಡುತ್ತಿದ್ದರು. ಖರ್ಚು ಸ್ವಂತದ್ದು, ಎಲ್ಲರೂ ಪಾಲು ಹಾಕಿಕೊಳ್ಳುತ್ತಿದ್ದರು. ಮೊದಮೊದಲು ಸಿನಾಯಿ, ಆಮೇಲೆ ಪಶ್ಚಿಮದ ಸೀವಾ ಓಯಸಿಸ್, ಹೀಗೆ ಪ್ರಯಾಣಗಳು ಉದ್ದವಾಗುತ್ತ ಹೋದವು. ರಾತ್ರಿ ಮೋಟಾರುಗಳನ್ನೇ ಗಾಳಿಗೆ ಮರೆಮಾಡಿ ಮರಳಿನ ಮೇಲೆ ಹಾಸಿಗೆ ಹಾಸುತ್ತಿದ್ದರು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಮರುಭೂಮಿಯನ್ನು ಇವರೇ ಮೊದಲು ಕಂಡರೆಂದು ತಿಳಿಯಬಾರದು. ಬೆಡೂಯಿನರೂ ತೆಬೂ ಜನರೂ ಒಂಟೆಗಳೊಡನೆ ಅಲ್ಲಿ ತಲೆತಲಾಂತರದಿಂದ ಓಡಾಡಿದವರು. ಈಜಿಪ್ಟಿನವರೇ ಆದ ಅಹ್ಮದ್ ಹಸನೈನ್ 1923ರಲ್ಲಿ ಒಂಟೆಗಳ ಮೇಲೆ ಹೋಗಿ ಉವೈನಾತ್ ಬೆಟ್ಟವನ್ನು ನಕ್ಷೆಗೆ ತಂದಿದ್ದರು. ಮೋಟಾರು ಕೂಡ ಮೊದಲನೆಯ ಯುದ್ಧದಲ್ಲೇ ಆ ಮರುಭೂಮಿಯನ್ನು ಕಂಡಿತ್ತು. ಆದರೆ ಈಜಿಪ್ಟು–ಲಿಬಿಯಾಗಳ ಗಡಿಯಲ್ಲಿ ಮಹಾ ಮರಳುಸಮುದ್ರವೆಂಬುದೊಂದಿದೆ. ಉತ್ತರದಿಂದ ದಕ್ಷಿಣಕ್ಕೆ ನೂರಾರು ಮೈಲು ಸಾಲುಸಾಲಾಗಿ ಹಬ್ಬಿದ ದಿಬ್ಬಗಳು, ಕೆಲವು ನೂರಾರು ಅಡಿ ಎತ್ತರ. ಸಾಧಾರಣ ಮೋಟಾರು ಅದನ್ನು ಅಡ್ಡಲಾಗಿ ದಾಟಲಾರದೆಂಬುದು ಎಲ್ಲರ ನಂಬಿಕೆಯಾಗಿತ್ತು.

ಈ ನಡುವೆ ಬ್ಯಾಗ್ನಾಲ್ಡರಿಗೆ ಭಾರತಕ್ಕೆ ವರ್ಗವಾಗಿತ್ತು. 1928ರಿಂದ 1931ರ ವರೆಗೆ ಅವರು ಇಲ್ಲೇ ಸೇವೆಯಲ್ಲಿದ್ದರು. ಮನಸ್ಸು ಮಾತ್ರ ಅಲ್ಲಿತ್ತೆಂದು ತೋರುತ್ತದೆ. 1929ರಲ್ಲೂ 1930ರಲ್ಲೂ ರಜೆ ಪಡೆದು ಈಜಿಪ್ಟಿಗೆ ಹೋಗಿ, ಗೆಳೆಯರನ್ನು ಕೂಡಿಕೊಂಡು ಮರಳುಸಮುದ್ರಕ್ಕೆ ಇಳಿದರು.

ಆ ದಿಬ್ಬಗಳೆದುರು ನಿಂತಾಗಿನ ಸಂಕಟವನ್ನು ಸ್ವಲ್ಪ ಊಹಿಸಿಕೊಳ್ಳಿ. ನೆತ್ತಿಯ ಬಿಸಿಲಿಗೆ ಮರಳೆಲ್ಲ ಒಂದೇ ಬಣ್ಣ. ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂದು ಕಣ್ಣಿಗೆ ತಿಳಿಯದು. ಮೆಲ್ಲಗೆ ಹತ್ತಹೋದರೆ ಚಕ್ರ ಹೂಳುತ್ತದೆ. ಜೋರಾಗಿ ಹತ್ತಿದರೆ ತುದಿಯಾಚೆ ಕಡಿದಾದ ಇಳಿಜಾರಿಗೆ ಮಗುಚಿಬೀಳುವ ಭಯ. ಕೈಕಾಲು ಮುರಿದರೆ ನೂರಾರು ಮೈಲು ದೂರಕ್ಕೂ ವೈದ್ಯನಿಲ್ಲ. ಬ್ಯಾಗ್ನಾಲ್ಡರು ಗಂಟೆಗೆ ಸುಮಾರು ನಲವತ್ತು ಮೈಲು ವೇಗದಲ್ಲಿ ನೇರವಾಗಿ ದಿಬ್ಬಕ್ಕೆ ನುಗ್ಗಿಸಿದರು. ಗಾಡಿ ಹೂಳಲಿಲ್ಲ. ಕುಲುಕಾಟವೂ ಇಲ್ಲದೆ ಸರ್ರನೆ ಮೇಲೇರಿತು. ತುದಿಗೆ ಸ್ವಲ್ಪ ಈಚೆ ವೇಗ ಇಳಿಸಿ ನಿಲ್ಲಿಸಬೇಕು, ನಡೆದುಹೋಗಿ ಆಚೆ ನೋಡಬೇಕು, ಆಮೇಲೆ ಮುಂದುವರಿಯಬೇಕೆಂಬ ಕ್ರಮವನ್ನೂ ಅನುಭವ ಕಲಿಸಿತು. ಗಾಳಿ ಬೀಸುವ ಕಡೆಯ ಓರೆಯಲ್ಲಿ ಮರಳು ಒತ್ತಾಗಿ ಕೂತು ಗಟ್ಟಿಯಾಗಿರುತ್ತದೆ. ಗಾಳಿಯ ಮರೆಯ ಕಡೆ ಜಾರಿಬಿದ್ದ ಮರಳು ಸಡಿಲವಾಗಿರುತ್ತದೆ. ಹಾಗೇಕೆ ಎಂಬ ಪ್ರಶ್ನೆ ಆ ದಿನಗಳಲ್ಲೇ ಅವರ ತಲೆಗೆ ಹೊಕ್ಕಿತು.

ಉಪಾಯಗಳಂತೂ ಒಂದಕ್ಕಿಂತ ಒಂದು ಚೆನ್ನು. ಬಿಸಿಲಿಗೆ ಎಂಜಿನಿನ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ಕುಡಿಯುವ ನೀರನ್ನೇ ಮತ್ತೆ ಮತ್ತೆ ಅದಕ್ಕೆ ಹುಯ್ದರೆ ಮನುಷ್ಯರ ಗತಿಯೇನು? ರೇಡಿಯೇಟರಿನಿಂದ ಒಂದು ರಬ್ಬರು ಕೊಳವೆಯನ್ನು ಗಾಡಿಯ ಪಕ್ಕಕ್ಕೆ ಕಟ್ಟಿದ ನೀರಿನ ಡಬ್ಬಿಗೆ ಇಳಿಬಿಟ್ಟರು. ಆವಿ ಆ ನೀರಿಗೆ ಬಂದು ತಣಿದು ತಾನೂ ನೀರಾಯಿತು. ಗಾಡಿಯನ್ನು ಗಾಳಿಗೆ ಮುಖಮಾಡಿ ನಿಲ್ಲಿಸಿ ಎಂಜಿನು ತಣಿದಾಗ, ಅದೇ ನೀರು ಕೊಳವೆಯಲ್ಲಿ ಹಿಂದಕ್ಕೆ ಏರಿಹೋಯಿತು! ಒಂಬತ್ತನೆಯ ತರಗತಿಯವರು ಇದರ ಕಾರಣವನ್ನು ವಿಜ್ಞಾನದ ಅಧ್ಯಾಪಕರಲ್ಲಿ ಕೇಳಬಹುದು. ಹೂತ ಚಕ್ರ ಎತ್ತಲು ಕೈರೋದ ಗುಜರಿ ಅಂಗಡಿಯಲ್ಲಿ ಸಿಕ್ಕ ಉಕ್ಕಿನ ಹಳೆಯ ತೊಟ್ಟಿಹಲಗೆಗಳನ್ನು ತಂದರು. ಅವು ಯುದ್ಧಕಾಲದಲ್ಲಿ ಕಂದಕಗಳಿಗೆ ಮಾಡಾಗಿದ್ದಂಥವು. ಅವನ್ನು ಚಕ್ರದ ಮುಂದೆ ಹಾಸಿ, ಹಗ್ಗದ ಏಣಿ ಒಡ್ಡಿ, ಎಲ್ಲರೂ ಹೆಗಲು ಕೊಟ್ಟು ತಳ್ಳಿದರೆ ಗಾಡಿ ಎದ್ದುಬರುತ್ತಿತ್ತು.

ದಾರಿ ಕಾಣುವುದು ಹೇಗೆ? ಮೋಟಾರಿನ ಕಬ್ಬಿಣ ಹತ್ತಿರವಿದ್ದರೆ ದಿಕ್ಸೂಚಿಯ ಮುಳ್ಳು ಸುಳ್ಳು ಹೇಳುತ್ತದೆ. ಆದ್ದರಿಂದ ಬ್ಯಾಗ್ನಾಲ್ಡರು ಸೂರ್ಯನನ್ನೇ ದಿಕ್ಸೂಚಿ ಮಾಡಿಕೊಂಡರು. 360 ಅಂಶ ಗುರುತಿಸಿದ ಒಂದು ಬಿಲ್ಲೆ, ನಡುವೆ ನೆಟ್ಟಗೆ ನಿಂತ ಒಂದು ಸೂಜಿ. ಸೂಜಿಯ ನೆರಳು ಬೇಕಾದ ಅಂಶದ ಮೇಲೆ ಬೀಳುವಂತೆ ಚಾಲಕ ಗಾಡಿ ನಡೆಸಬೇಕು. ಸೂರ್ಯ ಸರಿದಂತೆ ಬಿಲ್ಲೆಯನ್ನು ಲೆಕ್ಕ ನೋಡಿ ತಿರುಗಿಸಬೇಕು. ದಾರಿಯ ಅಳತೆಯನ್ನು ಮೈಲು ತೋರಿಸುವ ಯಂತ್ರ ಕೊಡುತ್ತದೆ. ರಾತ್ರಿ ತಂಗಿದಾಗ, ಉಳಿದವರು ಕಾಲು ಚಾಚಿದರೂ ಒಬ್ಬರು ಥಿಯೊಡೊಲೈಟಿನಲ್ಲಿ ನಕ್ಷತ್ರಗಳನ್ನು ನೋಡಿ, ರೇಡಿಯೋದಲ್ಲಿ ಬರುವ ಸಮಯದ ಸಂಕೇತಕ್ಕೆ ಗಡಿಯಾರ ಹೊಂದಿಸಿಕೊಂಡು, ತಾವಿರುವ ಸ್ಥಳವನ್ನು ಲೆಕ್ಕಹಾಕುತ್ತಿದ್ದರು. ಗಣಿತ ಏನಕ್ಕೆ ಉಪಯೋಗ ಎಂದು ತರಗತಿಯಲ್ಲಿ ಗೊಣಗುವವರು ನಮ್ಮಲ್ಲಿ ಇಲ್ಲದಿಲ್ಲ.

1932ರಲ್ಲಿ ಅವರ ತಂಡ ಇನ್ನೂ ದಕ್ಷಿಣಕ್ಕೆ, ಸುಡಾನಿನ ಕಡೆಗೆ ಸಾವಿರಾರು ಮೈಲು ಸುತ್ತಿತು. ಆ ಯಾತ್ರೆಯಲ್ಲಿ ಉವೈನಾತ್ ಬೆಟ್ಟದ ಬಳಿ ಇಟಲಿಯ ಸೈನಿಕರ ತಂಡವೊಂದು ಎದುರಾಯಿತು. ಮನುಷ್ಯರ ಸುಳಿವಿಲ್ಲದ ಕಡೆ ಮನುಷ್ಯರು ಸಿಕ್ಕರೆ ಸಂತೋಷವೇ. ಎರಡು ತಂಡಗಳೂ ಸ್ನೇಹದಿಂದ ಬೆರೆತವು. ಆದರೆ ಒಂದು ವರ್ಷದ ಹಿಂದೆ, 1931ರಲ್ಲಿ, ಇದೇ ಇಟಲಿಯ ಸೈನ್ಯ ಕುಫ್ರಾ ಓಯಸಿಸನ್ನು ಹಿಡಿದಿತ್ತು. ಅಲ್ಲಿಂದ ಓಡಿಬಂದ ಹೆಂಗಸರು ಮಕ್ಕಳು ನೀರಿಲ್ಲದೆ ಮರುಭೂಮಿಯಲ್ಲಿ ಸತ್ತಿದ್ದರು. ಬ್ಯಾಗ್ನಾಲ್ಡರಿಗೆ ಪರಿಚಿತರಾಗಿದ್ದ ಪ್ಯಾಟ್ ಕ್ಲೇಟನ್ ಎಂಬ ಭೂಮಾಪಕರು ಮೋಟಾರಿನಲ್ಲಿ ಹುಡುಕಿಹೋಗಿ ಕೆಲವರ ಪ್ರಾಣ ಉಳಿಸಿದರು. ಮರಳಿನಲ್ಲಿ ಗಾಡಿ ನಡೆಸುವ ವಿದ್ಯೆ ವಿನೋದಕ್ಕಷ್ಟೇ ಅಲ್ಲವೆಂದು ಆಗಲೇ ಕಂಡುಬಂದಿತ್ತು.

ಅನಾರೋಗ್ಯದಿಂದ ಬ್ಯಾಗ್ನಾಲ್ಡರು 1935ರಲ್ಲಿ ಸೈನ್ಯದಿಂದ ನಿವೃತ್ತರಾದರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಜಾಗ ಕೇಳಿ ಪಡೆದು, ಗಾಜಿನ ಪಕ್ಕವುಳ್ಳ ಉದ್ದನೆಯ ಗಾಳಿಸುರಂಗವೊಂದನ್ನು ಕಟ್ಟಿಕೊಂಡರು. ಒಳಗೆ ಮರಳು ಹಾಸಿ ಗಾಳಿ ಹಾಯಿಸಿ ನೋಡಿದರು. ಮರಳಿನ ಕಣ ಧೂಳಿನಂತೆ ಹಾರಿ ತೇಲುವುದಿಲ್ಲ, ಜಿಗಿಯುತ್ತದೆ. ಜಿಗಿದು ಬಿದ್ದಲ್ಲಿ ಬೇರೆ ಕಣಗಳಿಗೆ ತಾಗಿ ಅವನ್ನೂ ಎಬ್ಬಿಸುತ್ತದೆ. ಆದ್ದರಿಂದ ಮರಳು ಒಮ್ಮೆ ಚಲಿಸಲಾರಂಭಿಸಿತೆಂದರೆ, ಮೊದಲಿಗಿಂತ ನಿಧಾನವಾದ ಗಾಳಿಯೂ ಅದನ್ನು ನಡೆಸಿಕೊಂಡು ಹೋಗಬಲ್ಲದು. ಗಾಳಿಯ ಸೆಳೆತ ಇಮ್ಮಡಿಯಾದರೆ ಹೊರಡುವ ಮರಳು ಇಮ್ಮಡಿಯಲ್ಲ, ಸುಮಾರು ಎಂಟು ಮಡಿ. ಕಣಗಳು ಬಡಿದು ಬಡಿದು ಒತ್ತಿದ ಕಡೆ ದಿಬ್ಬ ಗಟ್ಟಿ. ತುದಿ ದಾಟಿ ಸುಮಾರು 34 ಅಂಶದ ಓರೆಯಲ್ಲಿ ಜಾರಿದ ಕಡೆ ಸಡಿಲ. ದಿಬ್ಬದೆದುರು ಹುಟ್ಟಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಪ್ರಯೋಗಶಾಲೆಯ ಮಾತನ್ನೇ ನಂಬಿ ಕೂರದೆ 1938ರಲ್ಲಿ ಮತ್ತೆ ಮರುಭೂಮಿಗೆ ಹೋಗಿ ಬೀಸುವ ಮರಳಿನ ನಡುವೆಯೇ ಅಳತೆ ಮಾಡಿಬಂದರು. ಇದೆಲ್ಲವನ್ನು ಹೇಳುವ ಅವರ ಗ್ರಂಥ 1941ರಲ್ಲಿ ಪ್ರಕಟವಾಯಿತು. ಮರಳನ್ನು ಕುರಿತು ಕೆಲಸಮಾಡುವವರು ಇಂದಿಗೂ ಅದನ್ನು ತೆರೆದು ನೋಡುತ್ತಾರೆ.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದಿತ್ತು. ಮತ್ತೆ ಸೇವೆಗೆ ಕರೆಸಿಕೊಂಡ ಸೈನ್ಯ ಅವರನ್ನು ಕಳಿಸಿದ್ದು ಪೂರ್ವ ಆಫ್ರಿಕಕ್ಕೆ! ದಾರಿಯಲ್ಲಿ ಅವರ ಹಡಗು ಇನ್ನೊಂದಕ್ಕೆ ಡಿಕ್ಕಿ ಹೊಡೆದುದರಿಂದ ಈಜಿಪ್ಟಿನಲ್ಲಿ ಇಳಿಯಬೇಕಾಯಿತು. ಸೇನಾಪತಿ ವೇವೆಲ್ ವಿಷಯ ತಿಳಿದು ಅವರನ್ನು ಅಲ್ಲೇ ಉಳಿಸಿಕೊಂಡರು. ಇದೇ ವೇವೆಲ್ ಮುಂದೆ ಭಾರತದ ವೈಸರಾಯರಾದವರು. 1940ರ ಜೂನಿನಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಉವೈನಾತಿನಲ್ಲಿ ಕಂಡವರು ಈಗ ಶತ್ರುಗಳು. ಮರುಭೂಮಿಯನ್ನು ದಾಟಿ ಅವರು ನೈಲ್ ನದಿಗೆ ಬರಬಲ್ಲರೆಂಬುದು ಬ್ಯಾಗ್ನಾಲ್ಡರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಒಂದು ಯೋಜನೆಯನ್ನು ವೇವೆಲ್ಲರ ಮುಂದಿಟ್ಟರು. ನ್ಯೂಜಿಲೆಂಡಿನ ಸೈನಿಕರು, ಷೆವ್ರೊಲೆ ಲಾರಿಗಳು, ಹಳೆಯ ಯಾತ್ರೆಯ ಗೆಳೆಯರು, ಅದೇ ಸೂರ್ಯ ದಿಕ್ಸೂಚಿ, ಅದೇ ಉಕ್ಕಿನ ಹಲಗೆಗಳು ಎಲ್ಲ ಸೇರಿ ಕೆಲವೇ ವಾರಗಳಲ್ಲಿ ದೂರಗಾಮಿ ಮರುಭೂಮಿ ದಳ ಸಿದ್ಧವಾಯಿತು. ಶತ್ರುವಿನ ಬೆನ್ನ ಹಿಂದೆ ಹೋಗಿ ಸುದ್ದಿ ತರುವುದು, ಇದ್ದಕ್ಕಿದ್ದಂತೆ ಎರಗಿ ಮರೆಯಾಗುವುದು ಅದರ ಕೆಲಸ. ಮುಂದೆ ಭಾರತೀಯ ಸೈನಿಕರ ತುಕಡಿಯೊಂದೂ ಅದರೊಡನೆ ದುಡಿಯಿತು. ಮರಳುಗಾಡಿನ ಹುಚ್ಚು ಹತ್ತಿದ ಅಂದಿನವರಲ್ಲಿ ಹಂಗೇರಿಯ ಆಲ್ಮಾಷಿ ಎಂಬವರು 1942ರಲ್ಲಿ ಅದೇ ಮರಳಿನ ದಾರಿಯಲ್ಲಿ ಜರ್ಮನರ ಗೂಢಚಾರರನ್ನು ಈಜಿಪ್ಟಿಗೆ ಕರೆತಂದರು. ರಜೆಯ ದಿನಗಳಲ್ಲಿ ಹುಡುಕಿದ ದಾರಿಗಳು ಹೀಗೆ ಎರಡು ಸೈನ್ಯಗಳ ಪಾಲಾದವು. ನಮಗೆ ಇದು ಈ ಕತೆಯ ದುಃಖದ ಭಾಗವೆಂದೇ ತೋರುತ್ತದೆ.

1941ರಲ್ಲೇ ಬ್ಯಾಗ್ನಾಲ್ಡರು ದಳದ ನಾಯಕತ್ವವನ್ನು ಹಳೆಯ ಜತೆಗಾರ ಪ್ರೆಂಡರ್‌ಗಾಸ್ಟರಿಗೆ ಒಪ್ಪಿಸಿದರು. 1944ರಲ್ಲಿ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1946ರಲ್ಲಿ, ಐವತ್ತರ ವಯಸ್ಸಿನಲ್ಲಿ, ಮದುವೆಯಾದರು. ಆಮೇಲಿನ ವರ್ಷಗಳಲ್ಲಿ ನದಿಗಳು ಮರಳನ್ನು ಹೇಗೆ ಹೊತ್ತು ತರುತ್ತವೆ ಎಂಬ ವಿಚಾರ ಹಿಡಿದು ಕೂತರು. ಎಂಬತ್ತು ದಾಟಿದ ಮೇಲೂ, ಅಮೆರಿಕದ ಬಾಹ್ಯಾಕಾಶ ವಿಜ್ಞಾನಿಗಳು ಮಂಗಳ ಗ್ರಹದ ಚಿತ್ರಗಳಲ್ಲಿ ಮರಳುದಿಬ್ಬಗಳನ್ನು ಕಂಡಾಗ, ಅವರ ಸಭೆಗೆ ಹೋಗಿ ಮಾತಾಡಿದರು. 1990ರ ಮೇ 28ರಂದು, 94ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮಂಗಳ ಗ್ರಹದ ಗೇಲ್ ಎಂಬ ಕುಳಿಯಲ್ಲಿ ಕಪ್ಪು ಮರಳಿನ ದಿಬ್ಬಗಳ ಸಾಲೊಂದಿದೆ. ವಿಜ್ಞಾನಿಗಳು ಅದಕ್ಕೆ ಬ್ಯಾಗ್ನಾಲ್ಡರ ಹೆಸರಿಟ್ಟಿದ್ದಾರೆ. ಕ್ಯೂರಿಯಾಸಿಟಿ ಎಂಬ ಆರು ಚಕ್ರದ ಯಂತ್ರವಾಹನ 2015ರ ಕೊನೆಯಲ್ಲಿ ಅಲ್ಲಿಗೆ ತಲುಪಿ ಚಿತ್ರ ತೆಗೆಯಿತು, ಮರಳನ್ನು ಮೊಗೆದು ಪರೀಕ್ಷಿಸಿತು. ಆ ದಿಬ್ಬಗಳ ಮೈಮೇಲೆ ಸಣ್ಣ ಅಲೆಗಳ ಜತೆಗೆ, ಒಂದರಿಂದೊಂದು ಸುಮಾರು ಮೂರು ಮೀಟರು ದೂರದಲ್ಲಿ ದೊಡ್ಡ ಅಲೆಗಳೂ ಇದ್ದವು. ಗಾಳಿ ಬೀಸಿದ ಭೂಮಿಯ ಮರಳಿನಲ್ಲಿ ಅಂಥವು ಕಾಣಸಿಗುವುದಿಲ್ಲ.