ತೇಲುವ ದ್ವೀಪದ ಮೇಲೆ ನಂಬಿಕೆ

ಇವತ್ತು ಲೇಖಕ ಸಿ. ಎಸ್. ಲೂಯಿಸ್ ಅವರ ಜೀವನ ಹೇಳ್ತೀನಿ.

1898ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದರು. ಒಂಬತ್ತನೇ ವಯಸ್ಸಲ್ಲಿ ತಾಯಿಗೆ ಕ್ಯಾನ್ಸರ್. ಹುಡುಗ ಪ್ರಾರ್ಥಿಸಿದ, 1908ರಲ್ಲಿ ತಾಯಿ ತೀರಿಹೋದರು. ಹರೆಯದಲ್ಲಿ ನಂಬಿಕೆಯನ್ನೇ ಬಿಟ್ಟರು. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಅಧ್ಯಾಪಕರಾದರು. 1931ರಲ್ಲಿ ಟೋಲ್ಕಿನ್, ಡೈಸನ್ ಎಂಬ ಸ್ನೇಹಿತರೊಂದಿಗೆ ನಡುರಾತ್ರಿ ದಾಟುವವರೆಗೆ ಮಾತಾಡಿದ ಕೆಲವೇ ದಿನಗಳಲ್ಲಿ ಕ್ರಿಸ್ತನನ್ನು ಒಪ್ಪಿಕೊಂಡರು.

1943ರಲ್ಲಿ ಅವರ ವೈಜ್ಞಾನಿಕ ಕಾದಂಬರಿ 'ಪೆರೆಲಾಂಡ್ರ' ಬಂತು. ಶುಕ್ರಗ್ರಹದ ಸಮುದ್ರದಲ್ಲಿ ತೇಲುವ ದ್ವೀಪಗಳು. ಅಲ್ಲಿನ ಮೊದಲ ಸ್ತ್ರೀಗೆ ಒಂದು ಆಜ್ಞೆ: ಅಲುಗಾಡದ ನೆಲದ ಮೇಲೆ ರಾತ್ರಿ ತಂಗಬಾರದು. ಭೂಮಿಯಿಂದ ಬಂದ ವಿಜ್ಞಾನಿಯ ಬಾಯಿಂದ ಸೈತಾನನು ಏದೆನಿನಲ್ಲಿ ಮಾಡಿದ ಹಾಗೇ ಪ್ರಲೋಭಿಸುತ್ತಾನೆ. ಆಕೆ ಬೀಳುವುದಿಲ್ಲ. ನಾಳೆಯನ್ನು ನಮ್ಮ ಕೈಯಲ್ಲೇ ಇಟ್ಟುಕೊಳ್ಳುವ ಆಸೆಯೇ ಆ ಗಟ್ಟಿ ನೆಲ.

ವೈಟ್‌ಫೀಲ್ಡ್‌ನಲ್ಲಿ ನಮಗೆ ಅದು ಪ್ಯಾಕೇಜ್, ಫ್ಲಾಟ್. ಒಂದು ಲೇಆಫ್ ಮೇಲ್ ಬಂದ್ರೆ ಅಲುಗಾಡುತ್ತೆ. ನನ್ನ ಗಟ್ಟಿ ನೆಲ ಬೇರೆ. ಉಪವಾಸ ಮಾಡಿದರೆ ಅಮ್ಮ ಉಳೀತಾರೆ ಅಂತ ಖಂಡಿತ ಮಾಡ್ಕೊಂಡಿದ್ದೆ. ಉಳಿಯಲಿಲ್ಲ. ಸಭೆಯಲ್ಲಿ ಹಲ್ಲೆಲೂಯ ಹೇಳಿ, ಮನೇಲಿ ಪ್ರಾರ್ಥನೆ ನಿಲ್ಲಿಸಿದ್ದೆ. ನಾನು ನಿಂತಿದ್ದು ಫಲಿತಾಂಶದ ಮೇಲೆ, ಕರ್ತನ ಮೇಲಲ್ಲ.

1960ರಲ್ಲಿ ಲೂಯಿಸ್ ಅವರ ಹೆಂಡತಿ ಜಾಯ್ ಕೂಡ ಕ್ಯಾನ್ಸರ್‌ನಿಂದಲೇ ತೀರಿಕೊಂಡರು. ದೇವರ ಮೇಲೆ ಸಿಟ್ಟಾದರು, ಅದನ್ನು ಬರೆದೂ ಇಟ್ಟರು. ಆದರೆ ಈ ಸಲ ಬಿಟ್ಟುಹೋಗಲಿಲ್ಲ. 1963ರ ನವೆಂಬರ್ 22ರಂದು ವಿಶ್ವಾಸಿಯಾಗಿಯೇ ಕಣ್ಮುಚ್ಚಿದರು.

ಉತ್ತರ ಬರದ ಪ್ರಾರ್ಥನೆ ನಿಮಗಿದ್ದರೆ ಮುಚ್ಚಿಡಬೇಡಿ. ಸಿಟ್ಟಿದ್ದರೂ ಆತನಿಗೇ ಹೇಳಿ. ಅಲೆಯ ಮೇಲೂ ಆತನು ಇದ್ದಾನೆ. ಆಮೆನ್.